ಹಾರ್ನ್ ಸ್ಪೀಕರ್ ಕಿರುಚುತ್ತದೆ ಅಂತಾರೆ, ನಿಜವಾ?

ಪ್ರಶ್ನೆ: ಸರ್, ನನ್ನ ಹತ್ತಿರ ಈಗ ಇರುವುದು ಸ್ಟ್ಯಾಂಡ್ ಮೇಲೆ ಕೂರುವ ಸಣ್ಣ ಸ್ಪೀಕರ್ ಜೋಡಿ. ಸೆನ್ಸಿಟಿವಿಟಿ (ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಜೋರು ಅನ್ನುವ ಅಳತೆ) 86 ಡೆಸಿಬೆಲ್. ಜೊತೆಗೆ 60 ವ್ಯಾಟ್‌ನ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್. ಹಾರ್ನ್ ಸ್ಪೀಕರ್‌ಗೆ ಹೋಗುವ ಆಸೆಯಿಂದ ಮೂರು ಜೋಡಿ ಕೇಳಿ ಬಂದೆ. ಒಂದು, ಗೆಳೆಯರ ದೊಡ್ಡ ಹಾಲ್‌ನಲ್ಲಿ ಎರಡು ಮೂಲೆಗೆ ಒತ್ತಿ ಇಟ್ಟಿದ್ದ ಪೂರ್ತಿ ಹಾರ್ನ್. ಡ್ರಮ್ಸ್ ಎದುರಿಗೇ ಬಾರಿಸಿದ ಹಾಗಿತ್ತು. ಆದರೆ ಹಾಡುವವರ ಬಾಯಿ ತೀರಾ ದೊಡ್ಡದು ಅನ್ನಿಸಿತು. ಎರಡನೆಯದು, 15 ಇಂಚಿನ ವೂಫರ್ (ಕೆಳಗಿನ ಸ್ವರಗಳ ದೊಡ್ಡ ಕೋನ್), ಅದರ ಮೇಲೊಂದು ಅಗಲವಾದ ಹಾರ್ನ್. ಹದವಾಗಿತ್ತು, ಹಾರ್ನ್ ಅಂತ ಗೊತ್ತೇ ಆಗಲಿಲ್ಲ. ಮೂರನೆಯದರಲ್ಲಿ ಒಂದೇ ಡ್ರೈವರ್ (ಶಬ್ದ ಹುಟ್ಟಿಸುವ ಘಟಕ), ಅದರ ಬೆನ್ನ ಹಿಂದೆ ಮಡಚಿದ ಹಾರ್ನ್. ಒಂಟಿ ದನಿಗೆ ಬಹಳ ಚೆಂದ. ಪಿಯಾನೊ ಜೋರಾದಾಗ ಮಾತ್ರ ಕಿರುಚಿತು. ಅರ್ಧ ಗಂಟೆಗೆ ಕಿವಿ ದಣಿಯಿತು. ‘ಕಿರುಚುವುದು ಹಾರ್ನ್‌ನ ಹುಟ್ಟುಗುಣ’ ಅಂತ ಒಬ್ಬರು, ‘ವಾಲ್ವ್ ಆಂಪ್ (ಗಾಜಿನ ವಾಲ್ವ್‌ಗಳ ಹಳೆಯ ಬಗೆಯ ಆಂಪ್ಲಿಫೈಯರ್) ಹಾಕಿದರೆ ಎಲ್ಲಾ ಸರಿಹೋಗುತ್ತೆ’ ಅಂತ ಇನ್ನೊಬ್ಬರು. ನನ್ನ ಕೋಣೆ 4 ಮೀಟರ್‌ಗೆ 5 ಮೀಟರ್. ಒಂದು ಮೂಲೆಗೆ ಬಾಗಿಲು ಬರುತ್ತದೆ. ಸೋಫಾ ಸ್ಪೀಕರ್‌ನಿಂದ 2.7 ಮೀಟರ್ ದೂರ. ಮೂರೂ ಹಾರ್ನೇ ಆದರೆ ಇಷ್ಟು ವ್ಯತ್ಯಾಸ ಯಾಕೆ? ನನಗೆ ಯಾವುದು ಸರಿ?

ಉತ್ತರ: ಹಣ ಹಾಕಿ ಮನೆಗೆ ತಂದ ಮೇಲೆ ಕಿವಿ ದಣಿದರೆ ಏನು ಮಾಡುವುದು ಅನ್ನುವುದು ನಿಮ್ಮ ಮುಖ್ಯ ಆತಂಕ, ಅಲ್ವಾ? ಅದು ಸರಿಯಾದ ಆತಂಕವೇ. ಮೂರೂ ಕಡೆ ನಿಮ್ಮ ಕಿವಿ ಹಿಡಿದದ್ದು ನಿಜವಾದ ಗುಣದೋಷಗಳನ್ನೇ. ಆದರೆ ಅವುಗಳಲ್ಲಿ ಬಹುಪಾಲು ಹಾರ್ನ್‌ಗೆ ಅಂಟಿಕೊಂಡು ಬಂದವಲ್ಲ. ಆ ಹಾರ್ನ್ ಎಷ್ಟು ದೊಡ್ಡದು, ವೂಫರ್ ಜೊತೆ ಎಲ್ಲಿ ಕೂಡುತ್ತದೆ, ಯಾವ ಕೋಣೆಯಲ್ಲಿ ಎಷ್ಟು ಜೋರಾಗಿ ನುಡಿಯುತ್ತಿತ್ತು ಅನ್ನುವುದರಿಂದ ಬಂದವು. ಸ್ಪೀಕರ್ ರಿಪೇರಿ, ಅಳತೆ, ಕೋಣೆಗೆ ಹೊಂದಿಸಿ ಕೊಡುವುದು ನನ್ನ ಕೆಲಸ. ‘ಹಾರ್ನ್ ನನಗೆ ಆಗಲ್ಲ’ ಎನ್ನುವವರ ಮನೆಯಲ್ಲಿ ನಾನು ಹೆಚ್ಚಾಗಿ ಕಂಡದ್ದು ಹಾರ್ನ್‌ನ ತಪ್ಪಲ್ಲ, ಜೋಡಣೆಯ ತಪ್ಪು.

ಮೊದಲು ಹಾರ್ನ್ ಮಾಡುವ ಕೆಲಸ ನೋಡೋಣ. ದೂರದಲ್ಲಿರುವವರನ್ನು ಕರೆಯಲು ಬಾಯಿಗೆ ಎರಡೂ ಕೈ ಅಡ್ಡ ಹಿಡಿಯುತ್ತೇವಲ್ಲ, ಅದೇ ತತ್ವ. ಗಾಳಿ ತುಂಬಾ ಹಗುರ. ಸ್ಪೀಕರ್‌ನ ಕೋನ್ ಅದನ್ನು ತಳ್ಳಲು ಹೋದಾಗ ಸಾಕಷ್ಟು ಎದುರೊತ್ತಡ ಸಿಗದೆ ಶಕ್ತಿ ವ್ಯರ್ಥವಾಗುತ್ತದೆ. ನಿಮ್ಮ 86 ಡೆಸಿಬೆಲ್ ಸ್ಪೀಕರ್‌ಗೆ 100 ವ್ಯಾಟ್ ಕೊಟ್ಟರೆ ಶಬ್ದವಾಗಿ ಹೊರಬರುವುದು ಸುಮಾರು ಕಾಲು ವ್ಯಾಟ್. ಉಳಿದದ್ದೆಲ್ಲ ಕಾಯಿಲ್‌ನಲ್ಲಿ ಬಿಸಿಯಾಗಿ ಹೋಗುತ್ತದೆ. ಹಾರ್ನ್‌ನ ಸಣ್ಣ ಗಂಟಲಿನಲ್ಲಿ ಗಾಳಿ ಇಕ್ಕಟ್ಟಾಗಿರುತ್ತದೆ, ಡಯಾಫ್ರಮ್‌ಗೆ, ಅಂದರೆ ಅಲುಗಿ ಶಬ್ದ ಹುಟ್ಟಿಸುವ ತೆಳು ಪೊರೆಗೆ, ಒತ್ತಲು ಏನೋ ಸಿಗುತ್ತದೆ. ಅಲ್ಲಿಂದ ಬಾಯಿಯ ತನಕ ನಿಧಾನವಾಗಿ ಅಗಲವಾಗುವುದರಿಂದ ಆ ಒತ್ತಡ ಹೊರಗಿನ ಗಾಳಿಗೆ ಸಲೀಸಾಗಿ ದಾಟುತ್ತದೆ. ಒಳ್ಳೆಯ ಹಾರ್ನ್‌ನಲ್ಲಿ ದಕ್ಷತೆ ಶೇ 10 ದಾಟುವುದುಂಟು.

1920ರ ದಶಕದಲ್ಲಿ ಇದು ಅನಿವಾರ್ಯವಾಗಿತ್ತು. ಆಗಿನ ಆಂಪ್ಲಿಫೈಯರ್‌ಗಳು ಕೆಲವೇ ವ್ಯಾಟ್ ಕೊಡುತ್ತಿದ್ದವು, ತುಂಬಬೇಕಾದದ್ದು ಇಡೀ ಚಿತ್ರಮಂದಿರ. ವೆಸ್ಟರ್ನ್ ಎಲೆಕ್ಟ್ರಿಕ್‌ನ 555 ಡ್ರೈವರ್ ಆ ಕಾಲದ್ದು. ಇಂದು ನಾವು ನೋಡುವ ಸಾಮಾನ್ಯ ಕೋನ್ ಸ್ಪೀಕರ್‌ನ ಮೂಲ ರೂಪವನ್ನು ರೈಸ್ ಮತ್ತು ಕೆಲಾಗ್ 1925ರಲ್ಲಿ ಮುಂದಿಟ್ಟರು. ವ್ಯಾಟ್ ಸುಲಭವಾಗಿ ಸಿಗತೊಡಗಿದ ಮೇಲೆ ಮನೆಗಳಲ್ಲಿ ಸಣ್ಣ ಪೆಟ್ಟಿಗೆಗಳೇ ಗೆದ್ದವು. ಈಗ ಮನೆಗೆ ಹಾರ್ನ್ ಬೇಕು ಅನ್ನುವುದಕ್ಕೆ ವ್ಯಾಟ್ ಉಳಿತಾಯ ದೊಡ್ಡ ಕಾರಣವಲ್ಲ. ಅದೇ ಜೋರಿಗೆ ಡಯಾಫ್ರಮ್ ಬಹಳ ಕಡಿಮೆ ಅಲುಗುತ್ತದೆ, ಹಾಗಾಗಿ ವಿಕೃತಿ ಕಡಿಮೆ. ಡ್ರಮ್ ಏಟು ಬಿದ್ದಾಗ ಸ್ಪೀಕರ್ ಏದುಸಿರು ಬಿಡುವುದಿಲ್ಲ. ನಿಮಗೆ ಡ್ರಮ್ಸ್ ಎದುರಿಗೇ ಬಾರಿಸಿದ ಹಾಗೆ ಕೇಳಿಸಿದ್ದು ಇದರಿಂದಲೇ. ಇನ್ನೊಂದು, ಹಾರ್ನ್ ಶಬ್ದವನ್ನು ಎಲ್ಲ ಕಡೆ ಚೆಲ್ಲದೆ ಒಂದು ದಿಕ್ಕಿಗೆ ಕಳಿಸುತ್ತದೆ. ಗೋಡೆಗೆ ಬಡಿದು ಬರುವ ಪಾಲು ಕಡಿಮೆ, ನೇರವಾಗಿ ಬರುವ ಪಾಲು ಜಾಸ್ತಿ. ಹಾಡಿನ ಅಕ್ಷರ ಅಕ್ಷರವೂ ಬಿಡಿಸಿ ಕೇಳುತ್ತದೆ. ಇದಕ್ಕೆ ತೆರುವ ಬೆಲೆಯೂ ಇದೆ. ಪಕ್ಕದ ಗೋಡೆಗಳಿಂದ ಬರುವ ವಿಶಾಲತೆಯ ಭಾವ ಕೆಲವರಿಗೆ ಕಡಿಮೆ ಅನ್ನಿಸುತ್ತದೆ.

ಇನ್ನು ಕಿರುಚಾಟ. ಇದಕ್ಕೆ ನಾನು ಕಂಡ ಅತಿ ಸಾಮಾನ್ಯ ಕಾರಣ ಬೋರು ಹೊಡೆಸುವಂಥದ್ದು, ವಾಲ್ಯೂಮ್. 86 ಡೆಸಿಬೆಲ್ ಸ್ಪೀಕರ್ ತೆಗೆದು 104 ಡೆಸಿಬೆಲ್ ಸ್ಪೀಕರ್ ಜೋಡಿಸಿ, ನಾಬ್ ಮುಟ್ಟದೆ ಹಾಡು ಹಾಕಿದರೆ 18 ಡೆಸಿಬೆಲ್ ಜೋರು. 10 ಡೆಸಿಬೆಲ್ ಏರಿದರೆ ಕಿವಿಗೆ ಸುಮಾರು ಎರಡು ಪಟ್ಟು ಅನ್ನಿಸುತ್ತದೆ. ನಾಬ್ ಇಳಿಸಿದರೂ ಮೋಸ ಆಗುತ್ತದೆ. ನಾವು ಸಾಮಾನ್ಯವಾಗಿ ಸ್ಪೀಕರ್ ‘ಕಷ್ಟಪಡುತ್ತಿದೆ’ ಅನ್ನಿಸುವ ಸೂಚನೆ ನೋಡಿಕೊಂಡು ವಾಲ್ಯೂಮ್ ನಿಲ್ಲಿಸುತ್ತೇವೆ. ಹಾರ್ನ್ ಆ ಸೂಚನೆ ಕೊಡುವುದೇ ಇಲ್ಲ. ಗೊತ್ತಾಗದೆ ಜೋರಾಗಿ ಕೇಳುತ್ತಾ ಹೋಗುತ್ತೇವೆ. ಆಮೇಲೆ ಕಿವಿ ದಣಿಯಿತು ಅಂದರೆ ತಪ್ಪು ಯಾರದ್ದು?

ವಾಲ್ಯೂಮ್ ಸರಿ ಇದ್ದೂ ಕಿರುಚಿದರೆ ಹಾರ್ನ್‌ನ ವಿನ್ಯಾಸ ನೋಡಬೇಕು. ಹಾರ್ನ್‌ನ ಬಾಯಿ ಅದು ನುಡಿಸುವ ಕೆಳಗಿನ ಸ್ವರಕ್ಕೆ ತಕ್ಕಷ್ಟು ದೊಡ್ಡದಿರಬೇಕು. ಸ್ಥೂಲ ಲೆಕ್ಕ ಹೀಗೆ: ಬಾಯಿಯ ಸುತ್ತಳತೆ ಆ ಸ್ವರದ ಒಂದು ತರಂಗಾಂತರದಷ್ಟು. 500 ಹರ್ಟ್ಜ್‌ನ ತರಂಗಾಂತರ 69 ಸೆಂಟಿಮೀಟರ್, ಬಾಯಿಯ ವ್ಯಾಸ 22 ಸೆಂಟಿಮೀಟರ್ ಸಾಕು. 300 ಹರ್ಟ್ಜ್‌ಗೆ 36 ಸೆಂಟಿಮೀಟರ್ ಬೇಕು. ಬಾಯಿ ಸಣ್ಣದಾದರೆ ಶಬ್ದ ಪೂರ್ತಿ ಹೊರಗೆ ಹೋಗದೆ ಸ್ವಲ್ಪ ಒಳಕ್ಕೇ ಹಿಂದಿರುಗುತ್ತದೆ. ಕೆಲವು ಸ್ವರ ಉಬ್ಬುತ್ತವೆ, ಕೆಲವು ತಗ್ಗುತ್ತವೆ. ದನಿಗೆ ಮೂಗಿನಲ್ಲಿ ಹಾಡಿದ ಬಣ್ಣ ಬರುವುದು ಇಲ್ಲಿಂದ. ಹಾರ್ನ್‌ನ ಕೆಳಮಿತಿಗೆ ತೀರಾ ಹತ್ತಿರ ಕ್ರಾಸೋವರ್ (ಸ್ವರಗಳನ್ನು ವೂಫರ್ ಮತ್ತು ಹಾರ್ನ್‌ಗೆ ಹಂಚುವ ಸರ್ಕ್ಯೂಟ್‌ನ ಗಡಿ) ಇಟ್ಟರೂ ಇದೇ ಫಲ. ಆ ಮಿತಿಯ ಎರಡರಷ್ಟು ಮೇಲಿಂದ ಬಳಸುವುದು ಸುರಕ್ಷಿತ. ತೆಳು ಲೋಹದ ಹಾರ್ನ್ ಆದರೆ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಗಂಟೆಯಂತೆ ಮೊಳಗಿದರೆ ಹಾಡಿನಲ್ಲೂ ಆ ಮೊಳಗು ಸೇರುತ್ತದೆ. ಹೊರಮೈಗೆ ಮೆತ್ತನೆಯ ಡ್ಯಾಂಪಿಂಗ್ ವಸ್ತು ಬಳಿದರೆ ಬಹಳ ಮಟ್ಟಿಗೆ ನಿಲ್ಲುತ್ತದೆ.

ಇದೆಲ್ಲಕ್ಕಿಂತ ಮುಖ್ಯವಾದ ಇನ್ನೊಂದು ಕಾರಣ ಇದೆ, ಅದರ ಬಗ್ಗೆ ಮಾತು ಕಡಿಮೆ. 15 ಇಂಚಿನ ಕೋನ್ ಕೆಳಗಿನ ಸ್ವರಗಳನ್ನು ಎಲ್ಲ ಕಡೆ ಹರಡುತ್ತದೆ. ಮೇಲೆ ಹೋದ ಹಾಗೆ ಅದರ ಹರಡುವಿಕೆ ಕಿರಿದಾಗುತ್ತದೆ. 1,000 ಹರ್ಟ್ಜ್ ಹೊತ್ತಿಗೆ ಅದು 90 ಡಿಗ್ರಿಯ ಆಸುಪಾಸಿಗೆ ಬಂದಿರುತ್ತದೆ. ಅಲ್ಲಿಂದ 90 ಡಿಗ್ರಿಯ ಹಾರ್ನ್ ವಹಿಸಿಕೊಂಡರೆ ಎರಡರ ನಡುವೆ ಬಿರುಕು ಕಾಣುವುದಿಲ್ಲ. ಅದೇ ವೂಫರ್ ಅನ್ನು 2,500 ಹರ್ಟ್ಜ್ ತನಕ ಎಳೆದು, ಅಲ್ಲಿ ಒಂದು ಸಣ್ಣ ಅಗಲ ಹಾರ್ನ್ ಶುರು ಮಾಡಿದರೆ? ವೂಫರ್ ತೀರಾ ಕಿರಿದಾಗಿರುತ್ತದೆ, ಹಾರ್ನ್ ಒಮ್ಮೆಲೇ ಅಗಲ ಹರಡುತ್ತದೆ. ಎದುರಿಗೆ ಮೈಕ್ ಇಟ್ಟು ಅಳೆದರೆ ಗ್ರಾಫ್ ಸಪಾಟು. ಪಕ್ಕಕ್ಕೆ ಹೋಗಿ ಗೋಡೆಗೆ ಬಡಿದು ಬರುವ ಶಬ್ದದಲ್ಲಿ ಮಾತ್ರ 2,500 ಹರ್ಟ್ಜ್‌ನಿಂದ ಮೇಲೆ ಗುಡ್ಡ. ನಮ್ಮ ಕಿವಿ ಅತಿ ಸೂಕ್ಷ್ಮವಾಗಿರುವ ಜಾಗವೇ ಅದು. ‘ಗ್ರಾಫ್ ಚೆನ್ನಾಗಿದೆ, ಆದರೂ ಕೇಳಲಾಗುತ್ತಿಲ್ಲ’ ಅಂತ ನನ್ನ ಹತ್ತಿರ ಬರುವವರ ಸ್ಪೀಕರ್‌ಗಳನ್ನು ಪಕ್ಕದಿಂದ ಅಳೆದರೆ ಹೆಚ್ಚಿನ ಸಲ ಕಾರಣ ಸಿಗುತ್ತದೆ.

ಧ್ವನಿ ಸಂಶೋಧಕ ಫ್ಲಾಯ್ಡ್ ಟೂಲ್ ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ, ಆಮೇಲೆ ಹರ್ಮನ್ ಕಂಪನಿಯಲ್ಲಿ, ಯಾವ ಸ್ಪೀಕರ್ ಅಂತ ಗೊತ್ತಾಗದ ಹಾಗೆ ಕೇಳಿಸಿ ಜನರ ಅಭಿಪ್ರಾಯ ಕಲೆಹಾಕಿದರು. ಎದುರಿನ ಶಬ್ದ ಸಪಾಟಾಗಿದ್ದು, ಪಕ್ಕಕ್ಕೆ ಹೋದಂತೆ ಅದು ನಿಧಾನವಾಗಿ, ಏರುಪೇರಿಲ್ಲದೆ ಬದಲಾಗುವ ಸ್ಪೀಕರ್‌ಗಳನ್ನೇ ಹೆಚ್ಚಿನ ಕೇಳುಗರು ಮೆಚ್ಚಿದರು. ಹಾರ್ನ್ ಆದರೂ ಸರಿ, ಡೋಮ್ ಟ್ವೀಟರ್ (ಮೇಲಿನ ಸ್ವರಗಳ ಗುಮ್ಮಟದಂಥ ಸಣ್ಣ ಘಟಕ) ಆದರೂ ಸರಿ, ಈ ಅಳತೆಗೋಲು ಎರಡಕ್ಕೂ ಒಂದೇ.

ಈಗ ನೀವು ಕೇಳಿದ ಮೂರಕ್ಕೆ ಬರೋಣ. ಹೆಸರು ಒಂದೇ ಆದರೂ ಇವು ಮೂರು ಬೇರೆ ಬೇರೆ ಯಂತ್ರಗಳು.

ಮೂಲೆಯ ಪೂರ್ತಿ ಹಾರ್ನ್‌ನ ಪ್ರಸಿದ್ಧ ಉದಾಹರಣೆ ಪಾಲ್ ಕ್ಲಿಪ್ಶ್ ಅವರ ಕ್ಲಿಪ್‌ಶಾರ್ನ್. 1946ರಿಂದ ಇದೆ. ಮೇಲಿನ ಲೆಕ್ಕವನ್ನು ಬೇಸ್‌ಗೆ ಹಾಕಿ ನೋಡಿ. 40 ಹರ್ಟ್ಜ್‌ನ ತರಂಗಾಂತರ 8.6 ಮೀಟರ್, ಅಂದರೆ ಬಾಯಿಯ ವ್ಯಾಸ 2.7 ಮೀಟರ್! ಯಾವ ಮನೆಯಲ್ಲಿ ಇಡುವುದು? ಕ್ಲಿಪ್ಶ್ ಅವರ ಜಾಣತನ ಇರುವುದು ಇಲ್ಲಿ. ನೆಲ ಮತ್ತು ಎರಡು ಗೋಡೆ ಸೇರುವ ಮೂಲೆಯಲ್ಲಿ ಇಟ್ಟರೆ ಬಾಯಿಯ ವಿಸ್ತೀರ್ಣ ಎಂಟನೇ ಒಂದು ಪಾಲು ಸಾಕು. ಕೋಣೆಯ ಗೋಡೆಗಳೇ ಹಾರ್ನ್‌ನ ಮುಂದುವರಿದ ಭಾಗವಾಗುತ್ತವೆ. ಬೇಸ್ ಹಾರ್ನ್ ಅನ್ನು ಪೆಟ್ಟಿಗೆಯೊಳಗೇ ಮಡಚಿಟ್ಟಿದ್ದಾರೆ. ಸೆನ್ಸಿಟಿವಿಟಿ 105 ಡೆಸಿಬೆಲ್ ಅಂತ ಕಂಪನಿ ಹೇಳುತ್ತದೆ. ಇಂಥ ಬೇಸ್‌ನ ಬಿಗಿ ಮತ್ತು ಚುರುಕು ಒಮ್ಮೆ ಕೇಳಿದರೆ ಮರೆಯುವುದು ಕಷ್ಟ. ನನಗೂ ಅದರ ಮೇಲೆ ಬಹಳ ಪ್ರೀತಿ.

ಆದರೆ ಗೋಡೆಯೇ ಹಾರ್ನ್‌ನ ಭಾಗ ಅಂದ ಮೇಲೆ ಮೂಲೆಯಲ್ಲಿ ಬಾಗಿಲಿದ್ದರೆ ಹಾರ್ನ್‌ನಲ್ಲೇ ತೂತು ಬಿದ್ದ ಹಾಗೆ. ಈಚಿನ ಮಾದರಿಗಳಲ್ಲಿ ಹಿಂಭಾಗ ಮುಚ್ಚಿರುವುದರಿಂದ ಗೋಡೆಗೆ ಸೀಲ್ ಆಗುವಂತೆ ಒತ್ತಬೇಕಿಲ್ಲ. ಮೂಲೆಯ ಅಗತ್ಯ ಮಾತ್ರ ತಪ್ಪಿಲ್ಲ. ಎರಡನೆಯದು, ಸ್ಪೀಕರ್‌ಗಳ ಅಂತರ, ಕೋನ ಎರಡನ್ನೂ ಕೋಣೆ ತೀರ್ಮಾನಿಸುತ್ತದೆ, ನೀವಲ್ಲ. ಬೇಸ್, ಮಿಡ್ (ನಡುವಿನ ಸ್ವರಗಳ ಭಾಗ), ಟ್ವೀಟರ್ ಒಂದರಿಂದ ಒಂದು ದೂರ ಇರುವುದರಿಂದ ಅವು ಬೆರೆಯಲು ಜಾಗವೂ ಬೇಕು. ಹತ್ತಿರ ಕೂತರೆ ಹಾಡುವವರ ಬಾಯಿ ಹಿಗ್ಗುತ್ತದೆ. ನೀವು ಕೇಳಿದ್ದು ಅದೇ ಇರಬೇಕು. 3 ಮೀಟರ್‌ಗಿಂತ ಹತ್ತಿರ ನಾನಂತೂ ಇಂಥವನ್ನು ಕೇಳುವುದಿಲ್ಲ. ಮೂರನೆಯದು ಸಮಯ. ಶಬ್ದ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ಮಡಚಿದ ಹಾರ್ನ್‌ನಲ್ಲಿ ಬೇಸ್ ಒಂದೂವರೆ ಮೀಟರ್ ಹೆಚ್ಚು ನಡೆದು ಬಂದರೆ ಟ್ವೀಟರ್‌ಗಿಂತ 4-5 ಮಿಲಿಸೆಕೆಂಡ್ ತಡ. ಇದು ಕೇಳುತ್ತದಾ ಅಂತ ದೊಡ್ಡ ಜಗಳಗಳೇ ನಡೆದಿವೆ. ಡ್ರಮ್‌ನ ಏಟಿನಲ್ಲಿ ನನಗೆ ಸ್ವಲ್ಪ ತಿಳಿಯುತ್ತದೆ, ಸಂಗೀತದ ಸುಖ ಕೆಡುವಷ್ಟಲ್ಲ. ಡಿಜಿಟಲ್ ಕ್ರಾಸೋವರ್ ಹಾಕಿದರೆ ಸರಿಪಡಿಸಲೂಬಹುದು.

ನಿಮ್ಮ ಎರಡನೆಯ ಜೋಡಿ ಮಿಶ್ರ ಜಾತಿ. ಬೇಸ್‌ಗೆ ಸಾಮಾನ್ಯ ಪೆಟ್ಟಿಗೆ, ಮೇಲಿನದ್ದಕ್ಕೆ ಹಾರ್ನ್. ಕ್ಲಿಪ್ಶ್ ಅವರ ಹೆರೆಸಿ, ಕಾರ್ನ್‌ವಾಲ್ ಎರಡೂ 1950ರ ದಶಕದ ಇಂಥ ಮಾದರಿಗಳೇ. ಇಲ್ಲಿ ದೊಡ್ಡ ತಿರುವು ಬಂದದ್ದು 1970ರ ದಶಕದಲ್ಲಿ. ಹಳೆಯ ಎಕ್ಸ್‌ಪೊನೆನ್ಶಿಯಲ್ ಹಾರ್ನ್‌ಗಳಲ್ಲಿ ಸ್ವರ ಮೇಲೇರಿದಷ್ಟೂ ಹರಡುವಿಕೆ ಕಿರಿದಾಗುತ್ತಿತ್ತು. ಎಲೆಕ್ಟ್ರೋ-ವಾಯ್ಸ್‌ನಲ್ಲಿದ್ದ ಡಾನ್ ಕೀಲ್, ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಒಂದೇ ಕೋನದಲ್ಲಿ ಹರಡುವ ಹಾರ್ನ್ ರೂಪಿಸಿದರು. ಆಮೇಲೆ ಜೆಬಿಎಲ್ ಕಂಪನಿಯ 4430 ಮಾನಿಟರ್‌ನಲ್ಲಿ (ಸ್ಟುಡಿಯೊ ಸ್ಪೀಕರ್) 15 ಇಂಚಿನ ವೂಫರ್ ಮತ್ತು ಇಂಥ ಹಾರ್ನ್ 1,000 ಹರ್ಟ್ಜ್ ಹತ್ತಿರ ಕೂಡಿದವು, ನಾನು ಮೇಲೆ ಹೇಳಿದ ಕಾರಣಕ್ಕೇ. ಹಾರ್ನ್‌ನ ಒಳಗೆ ಚೂಪಾದ ಅಂಚು, ಥಟ್ಟನೆ ಬದಲಾಗುವ ಆಕಾರ ಇದ್ದರೆ ಅದೂ ಕರ್ಕಶತೆ ತರುತ್ತದೆ ಅಂತ ಸ್ಪೀಕರ್ ವಿನ್ಯಾಸಕ ಅರ್ಲ್ ಗೆಡೆಸ್ ವಾದಿಸಿದರು. ಈಗಿನ ನುಣುಪಾದ ವೇವ್‌ಗೈಡ್‌ಗಳ (ಶಬ್ದ ಹರಡುವ ಕೋನವನ್ನು ಹಿಡಿತದಲ್ಲಿಡಲು ರೂಪಿಸಿದ ಹಾರ್ನ್‌ಗಳ) ಹಿಂದೆ ಆ ವಿಚಾರ ಇದೆ. ‘ಹಾರ್ನ್ ಅಂತ ಗೊತ್ತೇ ಆಗಲಿಲ್ಲ’ ಅಂದಿರಲ್ಲ, ಅದು ಆ ಸ್ಪೀಕರ್‌ಗೆ ನೀವು ಕೊಟ್ಟ ದೊಡ್ಡ ಮೆಚ್ಚುಗೆ. ಇದರ ಕೊರತೆಯನ್ನೂ ಹೇಳಬೇಕು. ಬೇಸ್ ಹಾರ್ನ್ ಅಲ್ಲವಾದ್ದರಿಂದ ಆ ಮೂಲೆ ಹಾರ್ನ್‌ನ ಚುರುಕು ಕೆಳಗಿನ ಸ್ವರದಲ್ಲಿ ಸಿಗುವುದಿಲ್ಲ. ಕೆಲವು ಮಾದರಿಗಳಲ್ಲಿ ಮೇಲೆ ಚುರುಕು, ಕೆಳಗೆ ಸೋಮಾರಿ ಅನ್ನುವ ಒಡಕು ಗೊತ್ತಾಗುತ್ತದೆ.

ಮೂರನೆಯದರ ಬಗ್ಗೆ ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಹಳೆಯ ಸ್ಪೀಕರ್ ತಯಾರಕರಾದ ಪಾಲ್ ವೋಯ್ಟ್, ಲೋಥರ್ ಅವರ ಪರಂಪರೆಯ ಈ ವಿನ್ಯಾಸದಲ್ಲಿ ಒಂದೇ ಕೋನ್ ಎಲ್ಲವನ್ನೂ ನುಡಿಸುತ್ತದೆ. ಹಿಂಭಾಗದ ಶಬ್ದ ಮಡಚಿದ ಹಾರ್ನ್ ಮೂಲಕ ಬೇಸ್ ಆಗಿ ಬರುತ್ತದೆ. ಕ್ರಾಸೋವರ್ ಇಲ್ಲದ್ದರಿಂದ ಒಂಟಿ ದನಿ ಒಂದೇ ಬಿಂದುವಿನಿಂದ ಹೊರಟು ಬಹಳ ಸಹಜವಾಗಿ ಕೇಳುತ್ತದೆ. ನಿಮಗೆ ಕಿರುಚಿದ ಜಾಗದಲ್ಲಿ, ಅಂದರೆ ಮಿಡ್‌ನ ಮೇಲ್ಭಾಗದಲ್ಲಿ, ಹಾರ್ನ್ ಕೆಲಸವನ್ನೇ ಮಾಡುತ್ತಿರಲಿಲ್ಲ! ಹಾರ್ನ್ ಇರುವುದು ಬೇಸ್‌ಗೆ. ಮೇಲಿನದ್ದು ಕೋನ್‌ನ ಮುಖದಿಂದ ನೇರ ಬಂದದ್ದು. ತೆಳುವಾದ ಹಗುರ ಕೋನ್ ಮೇಲಿನ ಸ್ವರಗಳಲ್ಲಿ ಒಂದಾಗಿ ಅಲುಗದೆ ತುಂಡುತುಂಡಾಗಿ ಕಂಪಿಸುತ್ತದೆ. ಇಂಥ ಹಲವು ಡ್ರೈವರ್‌ಗಳಲ್ಲಿ ಅಲ್ಲಿ ಕೆಲವು ಡೆಸಿಬೆಲ್ ಉಬ್ಬು ಸಾಮಾನ್ಯ. ಹಿಂದಿನ ಹಾರ್ನ್ ಎರಡು-ಮೂರು ಮೀಟರ್ ಉದ್ದ ಇದ್ದರೆ ಬೇಸ್ 6ರಿಂದ 9 ಮಿಲಿಸೆಕೆಂಡ್ ತಡವಾಗಿ ಬಂದು ಮುಂದಿನ ಶಬ್ದದ ಜೊತೆ ಕೆಲವು ಸ್ವರದಲ್ಲಿ ಕೂಡುತ್ತದೆ, ಕೆಲವು ಸ್ವರದಲ್ಲಿ ಕಳೆಯುತ್ತದೆ. ‘ಹಾರ್ನ್ ಕಿರುಚುತ್ತದೆ’ ಅಂತ ಇದನ್ನು ಕೇಳಿ ತೀರ್ಮಾನಿಸಿದರೆ ಉಳಿದ ಎರಡಕ್ಕೆ ಅನ್ಯಾಯ.

ವಾಲ್ವ್ ಆಂಪ್ ಮಾತು. ನಿಮ್ಮ ಸೋಫಾದಲ್ಲಿ ಸರಾಸರಿ 80 ಡೆಸಿಬೆಲ್‌ಗೆ ಈಗಿನ ಸ್ಪೀಕರ್ ಕೇಳುವುದು ಸುಮಾರು ಅರ್ಧ ವ್ಯಾಟ್. ಸಂಗೀತದಲ್ಲಿ 20 ಡೆಸಿಬೆಲ್ ಏರುವ ಏಟು ಬಂದರೆ 50 ವ್ಯಾಟ್. ನಿಮ್ಮ 60 ವ್ಯಾಟ್ ಅಲ್ಲಿಗೆ ಬಹುತೇಕ ಮುಗಿಯಿತು. 95 ಡೆಸಿಬೆಲ್‌ನ ಮಿಶ್ರ ಸ್ಪೀಕರ್‌ಗೆ ಅದೇ ಏಟಿಗೆ 6 ವ್ಯಾಟ್ ಸಾಕು. 104ರ ಹಾರ್ನ್‌ಗೆ ಒಂದು ವ್ಯಾಟ್ ಕೂಡ ಬೇಡ. ಹಾಗಾಗಿ 8 ವ್ಯಾಟ್‌ನ ವಾಲ್ವ್ ಆಂಪ್ ಸಾಕಾಗುತ್ತದೆ ಅನ್ನುವುದು ನಿಜ. ಅದೇ ಬೇಕು ಅನ್ನುವುದು ಸುಳ್ಳು. ಫೀಡ್‌ಬ್ಯಾಕ್ (ಔಟ್‌ಪುಟ್ ನೋಡಿ ತಪ್ಪು ತಿದ್ದಿಕೊಳ್ಳುವ ವ್ಯವಸ್ಥೆ) ಇಲ್ಲದ ವಾಲ್ವ್ ಆಂಪ್‌ಗಳ ಔಟ್‌ಪುಟ್ ಇಂಪಿಡೆನ್ಸ್ (ವಿದ್ಯುತ್ ಹರಿವಿಗೆ ಒಡ್ಡುವ ತಡೆ) ಜಾಸ್ತಿ. ಸ್ಪೀಕರ್‌ನ ಇಂಪಿಡೆನ್ಸ್ ಏರಿಳಿದ ಹಾಗೆ ಶಬ್ದವೂ ಏರಿಳಿಯುತ್ತದೆ. ಒಂದು ಸ್ಪೀಕರ್ ಜೊತೆ ಅದು ಹಿತವಾಗಬಹುದು, ಇನ್ನೊಂದರ ಜೊತೆ ಕಿರುಚಾಟ ಹೆಚ್ಚಿಸಬಹುದು. ಸುಮ್ನೆ ಔಷಧಿ ಅಂತ ಕೊಳ್ಳಬೇಡಿ.

ಆಂಪ್‌ನಲ್ಲಿ ನೋಡಬೇಕಾದದ್ದು ಬೇರೆ ಇದೆ, ಹಿಸ್ ಶಬ್ದ. ಔಟ್‌ಪುಟ್‌ನಲ್ಲಿ 1 ಮಿಲಿವೋಲ್ಟ್ ನಾಯ್ಸ್ ಇದೆ ಅನ್ನಿ. 86 ಡೆಸಿಬೆಲ್ ಸ್ಪೀಕರ್‌ನಲ್ಲಿ ಅದು ಒಂದು ಮೀಟರ್‌ನಲ್ಲಿ 17 ಡೆಸಿಬೆಲ್, ಕೇಳುವುದೇ ಇಲ್ಲ. 104ರ ಹಾರ್ನ್‌ನಲ್ಲಿ 35 ಡೆಸಿಬೆಲ್. ರಾತ್ರಿಯ ನಿಶ್ಶಬ್ದದಲ್ಲಿ ಚೆನ್ನಾಗಿಯೇ ಕೇಳುತ್ತದೆ. ನಿಮ್ಮ ಆಂಪ್ ಹೊತ್ತುಕೊಂಡು ಹೋಗಿ, ಹಾಡು ಹಾಕದೆ, ಹಾರ್ನ್ ಹತ್ತಿರ ಕಿವಿ ಇಟ್ಟು ನೋಡಿ. ಆಮೇಲೆ ಸೋಫಾದ ದೂರಕ್ಕೆ ಬನ್ನಿ.

ಹೋಲಿಸುವ ಕ್ರಮವೂ ಬದಲಾಗಬೇಕು. ಪಿಂಕ್ ನಾಯ್ಸ್ (ಎಲ್ಲ ಸ್ವರಗಳೂ ಬೆರೆತ ಪರೀಕ್ಷೆಯ ಸದ್ದು) ಹಾಕಿ, ಕೂರುವ ಜಾಗದಲ್ಲಿ ಫೋನ್‌ನ ಸೌಂಡ್ ಮೀಟರ್ ಹಿಡಿದು, ಪ್ರತಿ ಜೋಡಿಯನ್ನೂ ಅರ್ಧ ಡೆಸಿಬೆಲ್ ಒಳಗೆ ಸಮ ಮಾಡಿ. ಫೋನ್ ತೋರಿಸುವ ಅಂಕಿ ನಿಖರವಾಗಿರಬೇಕಿಲ್ಲ, ಎಲ್ಲದಕ್ಕೂ ಅದೇ ಫೋನ್ ಇದ್ದರೆ ಆಯಿತು. ಕಿವಿ ಹಾರ್ನ್‌ನ ಎತ್ತರಕ್ಕೆ ಇರಲಿ, ಯಾಕಂದ್ರೆ ಮೇಲೆ ಕೆಳಗೆ ಸರಿದರೆ ಹಾರ್ನ್ ಮತ್ತು ವೂಫರ್ ಕೂಡುವ ಸ್ವರದಲ್ಲಿ ತಗ್ಗು ಬೀಳುತ್ತದೆ. ಮೊದಲ ಐದು ನಿಮಿಷದ ಬೆರಗನ್ನು ನಂಬಬೇಡಿ. ನಿಮ್ಮನ್ನು ದಣಿಸಿದ ಅದೇ ಪಿಯಾನೊ ಧ್ವನಿಮುದ್ರಿಕೆಯನ್ನೇ ಒಯ್ಯಿರಿ, ಒಂದು ಗಂಟೆ ಕೂರಿ. ಸೀಟಿನಿಂದ ಎದ್ದು ಪಕ್ಕಕ್ಕೆ ನಡೆದು ಹೋಗಿ. ಹಾಡಿನ ಬಣ್ಣ ಥಟ್ಟನೆ ಬದಲಾದರೆ ಕೂಡುವಿಕೆ ಸರಿಯಿಲ್ಲ. ನಿಧಾನವಾಗಿ ಮಂಕಾಗುತ್ತಾ ಹೋದರೆ ಒಳ್ಳೆಯದು.

ನಿಮ್ಮ ಕೋಣೆಗೆ ಮೂಲೆ ಹಾರ್ನ್ ನಾನು ಹೇಳಲಾರೆ. ಬಾಗಿಲಿನ ಕಡೆ ಹಲಗೆಯಲ್ಲಿ ಸುಳ್ಳು ಮೂಲೆ ಕಟ್ಟಿಸಬಹುದು, ಹಾಗೆ ಮಾಡಿದವರಿದ್ದಾರೆ. ಆದರೆ 2.7 ಮೀಟರ್ ದೂರ ಕಡಿಮೆಯೇ. ಹಿಂಬದಿ ಹಾರ್ನ್ ಬೇಕಿದ್ದರೆ ನೀವು ಹೆಚ್ಚಾಗಿ ಒಂಟಿ ದನಿ, ಸಣ್ಣ ತಂಡ ಕೇಳುವವರಾಗಿರಬೇಕು. ಪಿಯಾನೊ ಇಷ್ಟ ಅಂದರೆ ಬೇಡ. ನನ್ನ ಮತ ಎರಡನೆಯದಕ್ಕೆ. ಸೋಫಾ ಇನ್ನೊಂದು 30 ಸೆಂಟಿಮೀಟರ್ ಹಿಂದೆ ಹೋಗುವುದಾದರೆ 15 ಇಂಚಿನದನ್ನೇ ಇಡಿ. ಆಗದಿದ್ದರೆ 10 ಅಥವಾ 12 ಇಂಚಿನ ವೂಫರ್ ಜೊತೆ ವೇವ್‌ಗೈಡ್ ಇರುವುದು ಹತ್ತಿರದಿಂದ ಚೆನ್ನಾಗಿ ಬೆರೆಯುತ್ತದೆ. ಸ್ಪೀಕರ್‌ಗಳ ಮುಖವನ್ನು ಧೈರ್ಯವಾಗಿ ಒಳಕ್ಕೆ ತಿರುಗಿಸಿ, ಅವುಗಳ ನೇರ ರೇಖೆಗಳು ನಿಮ್ಮ ಮುಂದೆ ಸ್ವಲ್ಪ ದೂರದಲ್ಲೇ ಅಡ್ಡ ಹಾಯುವ ತನಕ. ಪಕ್ಕದ ಗೋಡೆಗೆ ಹೋಗುವ ಶಬ್ದ ಕಡಿಮೆಯಾಗುತ್ತದೆ. ಸೋಫಾದ ಒಂದು ತುದಿಗೆ ಸರಿದರೂ ಹಾಡುವವರು ಬಹುಮಟ್ಟಿಗೆ ನಡುವೆಯೇ ನಿಲ್ಲುತ್ತಾರೆ.

ಹಳೆಯ ಜೋಡಿ ಕೊಳ್ಳುವುದಾದರೆ ಎಡ ಬಲ ಎರಡನ್ನೂ ಒಂದೊಂದಾಗಿ, ಅದೇ ಮೊನೊ ಹಾಡಿನಲ್ಲಿ ಕೇಳಿ. ಬಣ್ಣ ಬೇರೆ ಇದ್ದರೆ ಒಂದರ ಡಯಾಫ್ರಮ್ ಬದಲಾಗಿರಬಹುದು, ಇಲ್ಲ ಕ್ರಾಸೋವರ್‌ನ ಕೆಪಾಸಿಟರ್ ಸೊರಗಿರಬಹುದು. ಕೆಪಾಸಿಟರ್ ಬದಲಿಸುವುದು ಸಣ್ಣ ಕೆಲಸ. ಕಂಪ್ರೆಶನ್ ಡ್ರೈವರ್‌ಗೆ (ಹಾರ್ನ್‌ನ ಗಂಟಲಿಗೆ ಕೂರುವ ಡ್ರೈವರ್) ಮೂಲ ಡಯಾಫ್ರಮ್ ಸಿಗುವುದು ಕೆಲವೊಮ್ಮೆ ಕಷ್ಟ. ಬೇರೆ ಕಂಪನಿಯದು ಹಾಕಿದರೆ ಮೇಲಿನ ಸ್ವರಗಳ ಬಣ್ಣವೇ ಬದಲಾಗುತ್ತದೆ. ವೂಫರ್ ಅಂಚು ಫೋಮ್‌ನದಾಗಿದ್ದರೆ ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಪುಡಿ ಉದುರಿದರೆ ಹೊಸ ಅಂಚು ಅಂಟಿಸಿದ ಮೇಲಷ್ಟೇ ಆ ಸ್ಪೀಕರ್ ಬಗ್ಗೆ ಏನಾದರೂ ತೀರ್ಮಾನ ಮಾಡಬಹುದು.